ಊರಂಚಿನ ತಾರಸಿಯಿಂದ ಯಾವುದನ್ನು ಚಿತ್ರಿಸಬೇಕು?

ಆಳ ಆಕಾಶದ ಕಾಯಗಳನ್ನು (ಗೆಲಾಕ್ಸಿ, ನಕ್ಷತ್ರಗುಚ್ಛ, ನೀಹಾರಿಕೆಗಳನ್ನು) ಮನೆಯಂಗಳದಿಂದಲೇ ಕ್ಯಾಮೆರಾದಲ್ಲಿ ಚಿತ್ರಿಸಲು ಹೊರಟವರು ಪಟ್ಟಿಯಲ್ಲಿರುವ ಕಾಂತಿಮಾನದ (ಹೊಳಪಿನ ಅಳತೆ; ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು) ಅಂಕಿಯೊಂದನ್ನೇ ನಂಬಿ ಗುರಿ ಆರಿಸಬಾರದು. ಮೆಸಿಯೆ ಪಟ್ಟಿಯ ಎಂ33 ಗೆಲಾಕ್ಸಿಯ ಕಾಂತಿಮಾನ 5.7 ಎಂದಿದ್ದರೂ ಆ ಬೆಳಕೆಲ್ಲ ಚಂದ್ರಬಿಂಬದ ಎರಡರಷ್ಟು ಉದ್ದಕ್ಕೆ ಹರಡಿಕೊಂಡಿರುವುದರಿಂದ ಬೀದಿದೀಪಗಳ ಮಬ್ಬಿನಲ್ಲಿ ಕರಗಿಹೋಗುತ್ತದೆ. ಹೆಚ್ಚುಕಡಿಮೆ ಅಷ್ಟೇ ಕಾಂತಿಮಾನದ ಎಂ13 ಗೋಳಗುಚ್ಛವಾದರೋ (ಚೆಂಡಿನಾಕಾರದ ನಕ್ಷತ್ರಗುಂಪು) ಬಿಗಿಯಾಗಿ ಒತ್ತಿಕೊಂಡಿರುವುದರಿಂದ ಸಣ್ಣ ದೂರದರ್ಶಕದಲ್ಲೂ ಹತ್ತಿಪ್ಪತ್ತು ಸೆಕೆಂಡಿನ ಚಿತ್ರದಲ್ಲೇ ಸಕ್ಕರೆ ಚೆಲ್ಲಿದಂತೆ ಕಾಣಿಸುತ್ತದೆ.

ಬೆಂಗಳೂರಿನ ಕೆಂಗೇರಿಯ ಕಡೆ ಇರುವವರಿಗೆ ನಗರದ ಬೆಳಕು ಈಶಾನ್ಯದಲ್ಲಿ ಏಳುವುದರಿಂದ ದಕ್ಷಿಣವೇ ಲೇಸು. ಮೇ ತಿಂಗಳ ರಾತ್ರಿ ಅಲ್ಲಿ ಸುಮಾರು 29 ಡಿಗ್ರಿ ಎತ್ತರಕ್ಕೇರುವ ಒಮೆಗಾ ಸೆಂಟಾರಿ ಗುಚ್ಛವು ಲಂಡನ್ನಿನ ಹವ್ಯಾಸಿಗಳಿಗೆ ಎಂದೂ ದಕ್ಕದ ನಮ್ಮ ಭಾಗ್ಯ (ಪಕ್ಕದ ಮನೆಯವರು ತಾರಸಿಯ ದೀಪ ಆರಿಸಿದರೆ!).

ಅನಿಲ, ಧೂಳಿನ ಮೋಡಗಳಾದ ನೀಹಾರಿಕೆಗಳಲ್ಲಿ ಎಂ42 ಮತ್ತು ಎಂ8 ಮೊದಲ ಆಯ್ಕೆಯಾಗಲಿ. ಅವುಗಳ ಬೆಳಕಿನ ಬಹುಪಾಲು ಜಲಜನಕದ 656 ಹಾಗೂ ಆಮ್ಲಜನಕದ 501 ನ್ಯಾನೋಮೀಟರಿನಂಥ ಕೆಲವೇ ರೋಹಿತದ ಗೆರೆಗಳಲ್ಲಿ (ನಿರ್ದಿಷ್ಟ ಬಣ್ಣಗಳಲ್ಲಿ) ಇರುವುದರಿಂದ, ಎರಡು ಕಿರಿದಾದ ಬಣ್ಣಪಟ್ಟಿಗಳನ್ನಷ್ಟೇ ಹಾಯಿಸುವ ಡ್ಯುಯಲ್ ಬ್ಯಾಂಡ್ ಫಿಲ್ಟರು ಎಲ್‌ಇಡಿ ಬೆಳಕಿನ ಹೆಚ್ಚಿನ ಭಾಗವನ್ನು ತಡೆದು ಇವನ್ನಷ್ಟೇ ಒಳಬಿಡುತ್ತದೆ. ಕೃತ್ತಿಕೆಯ ಸುತ್ತಲಿನ ನೀಲಿ ಮಂಜು ನಕ್ಷತ್ರಗಳ ಬೆಳಕನ್ನೇ ಪ್ರತಿಫಲಿಸುವುದರಿಂದ ಅಲ್ಲಿ ಈ ಉಪಾಯ ನಡೆಯದು. ಅದನ್ನು ಅಮಾವಾಸ್ಯೆಗೆ ಹಳ್ಳಿಗೆ ಹೋಗುವ ದಿನಕ್ಕೆ ಇಟ್ಟುಕೊಳ್ಳಿ.