ನಾಲ್ಕು ತೂತು, ಒಂದೇ ಮಟ್ಟ

ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ವಾರವಾರ ಪುಸ್ತಕ ಹೊತ್ತು ತರುವವರಿಗೆ ಈ ಕಷ್ಟ ಗೊತ್ತು. ಡೆಮಿ ಅಳತೆಯ ಕಾದಂಬರಿಗಳ ಎತ್ತರ ಸುಮಾರು 22 ಸೆಂ.ಮೀ. ಅವುಗಳ ತಲೆಯ ಮೇಲೆ ಗೇಣುದ್ದ ಜಾಗ ಸುಮ್ನೆ ಹಾಳು. ಕೆಳಗಿನ ಖಾನೆಯಲ್ಲಿ ಅಟ್ಲಾಸು ನಿಲ್ಲಲಾಗದೆ ಮಲಗಿರುತ್ತದೆ. ಹಲಗೆಗಳನ್ನು ಬೇಕಾದಲ್ಲಿಗೆ ಸರಿಸುವಂತಿದ್ದರೆ ಎಷ್ಟು ಚೆನ್ನ, ಅಲ್ವಾ? ಅದಕ್ಕೆ ಬೇಕಾದದ್ದು ಕಪಾಟಿನ ಎರಡೂ ಪಕ್ಕಗಳಲ್ಲಿ ಎರಡೆರಡು ಸಾಲು ತೂತು, ಅದರೊಳಗೆ ಕೂರುವ 5 ಮಿ.ಮೀ. ಪಿನ್ನು.

ಪ್ರತಿ ಹಲಗೆಯೂ ನಾಲ್ಕು ಪಿನ್ನಿನ ಮೇಲೆ ಕೂರುತ್ತದೆ. ಒಂದು ತೂತು 2 ಮಿ.ಮೀ. ಮೇಲೆ ಕೆಳಗಾದರೂ ಹಲಗೆ ಟಕಟಕ ಅಲುಗುತ್ತದೆ. ಹಾಗಾಗಿ ಪಕ್ಕದ ಹಲಗೆಗಳ ಮೇಲೆ ಒಂದೊಂದೇ ತೂತನ್ನು ಅಳೆದು ಗುರುತು ಹಾಕಬೇಡಿ. ಅಳತೆ ಒಂದೇ ಸಲ, ಒಂದು ಪಟ್ಟಿಯ ಮೇಲೆ. ಆಮೇಲೆ ನಾಲ್ಕೂ ಸಾಲಿಗೆ ಅದೇ ಪಟ್ಟಿ, ಅದರ ತೂತುಗಳ ಮೂಲಕವೇ ಹಲಗೆಯನ್ನು ಕೊರೆಯುವುದು.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಪ್ಲೈವುಡ್ ಕೊಯ್ಯಿಸುವಾಗಲೇ 12 ಮಿ.ಮೀ. ದಪ್ಪದ, 74 ಮಿ.ಮೀ. ಅಗಲದ ಪಟ್ಟಿಯೊಂದನ್ನು ಕೇಳಿ. 74 ಯಾಕೆ? ಕಾರ್ಖಾನೆಯಲ್ಲಿ ಮಾಡುವ ಕಪಾಟುಗಳಲ್ಲಿ ತೂತಿನ ಸಾಲು ಸಾಮಾನ್ಯವಾಗಿ ಅಂಚಿನಿಂದ 37 ಮಿ.ಮೀ. ಒಳಗಿರುತ್ತದೆ. ತೂತಿಂದ ತೂತಿಗೆ 32 ಮಿ.ಮೀ. ಪಟ್ಟಿಯ ನಟ್ಟನಡುವೆ ಗೆರೆ ಎಳೆದರೆ 37 ತಾನಾಗಿ ಸಿಗುತ್ತದೆ.

ಟೇಪನ್ನು ಪಟ್ಟಿಯ ಕೆಳತುದಿಯಿಂದ ಅಲುಗಿಸದೆ 160, 192, 224 ಹೀಗೆ ಗುರುತು ಹಾಕುತ್ತಾ ಹೋಗಿ. ಹಿಂದಿನ ತೂತಿನಿಂದ ಮುಂದಿನದನ್ನು ಅಳೆದರೆ ಅರ್ಧರ್ಧ ಮಿಲಿಮೀಟರ್ ತಪ್ಪು ಸೇರಿಕೊಂಡು ಹತ್ತನೆಯ ತೂತಿಗೆ ಅರ್ಧ ಸೆಂ.ಮೀ. ಆಗಬಹುದು. ಗುರುತಿನ ಮೇಲೆ ಮೊಳೆಯಿಂದ ಚುಚ್ಚಿ, ನೆಟ್ಟಗೆ ಕೊರೆಯಿರಿ. ಪರಿಚಯದ ಬಡಗಿಯ ಹತ್ತಿರ ಡ್ರಿಲ್ ಸ್ಟ್ಯಾಂಡ್ ಇದ್ದರೆ ಪಟ್ಟಿಯನ್ನಾದರೂ ಅಲ್ಲೇ ಕೊರೆಸಿ.

ಕೆಳತುದಿಗೆ ದಪ್ಪ ಅಕ್ಷರದಲ್ಲಿ ‘ಕೆಳಗೆ’ ಎಂದು ಬರೆಯಿರಿ. ನನ್ನ ಮೊದಲ ಕಪಾಟಿನಲ್ಲಿ ಒಂದು ಸಾಲಿಗೆ ಪಟ್ಟಿ ತಲೆಕೆಳಗಾಗಿಬಿಟ್ಟಿತ್ತು. ಅಷ್ಟೂ ತೂತಿಗೆ ಫೆವಿಕಾಲ್ ಹಚ್ಚಿದ ಕಡ್ಡಿ ತುಂಬಿ, ಒಣಗಿಸಿ, ಮತ್ತೆ ಕೊರೆಯಲು ಎರಡು ಭಾನುವಾರ ಹೋದವು.

ಕಪಾಟು ಜೋಡಿಸುವ ಮೊದಲೇ ಕೊರೆಯಬೇಕು. ಪಕ್ಕದ ಹಲಗೆಯನ್ನು ಒಳಮುಖ ಮೇಲೆ ಬರುವಂತೆ ಮಲಗಿಸಿ. ಪಟ್ಟಿಯ ಕೆಳತುದಿ ಹಲಗೆಯ ಕೆಳತುದಿಗೆ, ಪಟ್ಟಿಯ ಬದಿ ಹಲಗೆಯ ಅಂಚಿಗೆ ಸರಿಯಾಗಿ ಕೂರಬೇಕು. ಬೆರಳಿಂದ ಸವರಿ ನೋಡಿ. ಕಣ್ಣಿಗೆ ಕಾಣದ ಮೆಟ್ಟಿಲು ಬೆರಳಿಗೆ ಸಿಗುತ್ತದೆ. ಆಮೇಲೆ ಕ್ಲಾಂಪ್ ಬಿಗಿಯಿರಿ.

18 ಮಿ.ಮೀ. ಹಲಗೆಯಲ್ಲಿ 10 ಮಿ.ಮೀ. ಆಳ ಸಾಕು. ಪಟ್ಟಿಯ ದಪ್ಪ 12 ಸೇರಿಸಿ, 5 ಮಿ.ಮೀ. ಡ್ರಿಲ್ ಬಿಟ್ಟಿನ (ಕೊರೆಯುವ ಕಡ್ಡಿಯ) ತುದಿಯಿಂದ 22 ಮಿ.ಮೀ. ದೂರದಲ್ಲಿ ಅಂಟುಟೇಪು ಸುತ್ತಿ, ಅದರ ಬಾಲವನ್ನು ಬಾವುಟದಂತೆ ಬಿಡಿ. ಬಾವುಟ ಪಟ್ಟಿಯ ಮೇಲಿನ ಹೊಟ್ಟನ್ನು ಗುಡಿಸತೊಡಗಿತೇ? ಅಲ್ಲಿಗೆ ನಿಲ್ಲಿಸಿ. ಮೊದಲ ತೂತು ಆದ ಕೂಡಲೇ ಅದರಲ್ಲಿ ಇನ್ನೊಂದು 5 ಮಿ.ಮೀ. ಬಿಟ್ಟನ್ನು ತೂರಿಸಿಡಿ, ಪಟ್ಟಿ ಜರುಗುವುದಿಲ್ಲ. ಸನ್‌ಮೈಕಾ ಅಂಟಿಸಿದ ಹಲಗೆಗೆ ತುದಿಯಲ್ಲಿ ಮುಳ್ಳಿರುವ, ಮರ ಕೊರೆಯುವ ಬಿಟ್ಟನ್ನೇ ಬಳಸಿ, ಹೊಸದಾದರೆ ಒಳ್ಳೆಯದು. ಮೊಂಡಾಗಿದ್ದರೆ ತೂತಿನ ಬಾಯಿ ಚೂರು ಚೂರಾಗಿ ಏಳುತ್ತದೆ. ಕೊನೆಗೆ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ.

ಅಡ್ಡ ಹಲಗೆಯ ಉದ್ದ ಎರಡೂವರೆ ಅಡಿ ದಾಟದಿರಲಿ. ಸಾಹಿತ್ಯ ಪರಿಷತ್ತಿನ ನಿಘಂಟಿನ 8 ಸಂಪುಟ ಒಟ್ಟಿಗೆ ಕೂತರೆ ಉದ್ದದ ಹಲಗೆ ನಡುವೆ ಬಾಗುತ್ತದೆ. ಒಳ ಅಳತೆಗಿಂತ 2 ಮಿ.ಮೀ. ಕಮ್ಮಿ ಕೊಯ್ಯಿಸಿದರೆ ಹಲಗೆ ಸಲೀಸಾಗಿ ಸರಿಯುತ್ತದೆ. ಪಿನ್ನು ಸಿಕ್ಕಿಸಿ, ಹಲಗೆ ಇಟ್ಟು, ಎದುರುಬದುರು ಮೂಲೆಗಳನ್ನು ಒತ್ತಿ ನೋಡಿ. ಅಲುಗದಿದ್ದರೆ ಅಟ್ಲಾಸನ್ನು ಎಬ್ಬಿಸಿ ನಿಲ್ಲಿಸಿ.