ಕಾಫಿ ಫಸಲಿನ ಅಂದಾಜಿಗೆ ಗ್ರೇಡಿಯೆಂಟ್ ಬೂಸ್ಟಿಂಗ್: ಮಾಡೆಲ್ ಟ್ಯೂನ್ ಮಾಡುವುದು ಹೇಗೆ?

ಕೊಡಗಿನ ಅನೇಕ ತೋಟಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇದೆ. ಇವತ್ತಿಗೂ ಇಂಚು, ಸೆಂಟ್‌ನಲ್ಲೇ (ಇಂಚಿನ ನೂರರಲ್ಲೊಂದು ಭಾಗ) ಬರೆಯುತ್ತಾರೆ. ಹೂ ಅರಳಿಸುವ ಹೂಮಳೆ ಯಾವತ್ತು ಬಿತ್ತು, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು, ಎಕರೆಗೆ ಎಷ್ಟು ಚೀಲ ಆಯಿತು, ಎಲ್ಲ ಅದರಲ್ಲೇ ಸಿಗುತ್ತದೆ. ಈ ಲೆಕ್ಕ ಇಟ್ಟುಕೊಂಡು ಮುಂದಿನ ಫಸಲು ಅಂದಾಜು ಮಾಡಲು ಗ್ರೇಡಿಯೆಂಟ್ ಬೂಸ್ಟಿಂಗ್ ಒಳ್ಳೆಯ ಉಪಾಯ. ಹಳೆಯ ಲೆಕ್ಕದಿಂದ ಕಲಿತು ಅಂದಾಜು ಹೇಳುವ ಮಾಡೆಲ್ ಕಟ್ಟುವ ಕಂಪ್ಯೂಟರ್ ವಿಧಾನ ಇದು. ‘ಮಳೆ ಇಷ್ಟಕ್ಕಿಂತ ಜಾಸ್ತಿಯೇ?’ ಎಂಬಂಥ ಪ್ರಶ್ನೆಗಳಿಂದ ಕವಲೊಡೆಯುವ ಸಣ್ಣ ಟ್ರೀಗಳನ್ನು ಒಂದಾದ ಮೇಲೊಂದು ಸೇರಿಸುತ್ತಾ, ಹಿಂದಿನವು ಉಳಿಸಿದ ತಪ್ಪನ್ನು ಮುಂದಿನದು ತಿದ್ದುತ್ತದೆ. ತೊಂದರೆ ಏನೆಂದರೆ, ಅದರಲ್ಲಿ ಹತ್ತಾರು ಸೆಟ್ಟಿಂಗ್ ಇವೆ. ಪೈಥಾನ್ ಅಲ್ಪಸ್ವಲ್ಪ ಗೊತ್ತಿರುವವರು ಸಿಕ್ಕಿದ್ದನ್ನೆಲ್ಲ ತಿರುಗಿಸಿ ನೋಡಲು ಶುರು ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೆಟ್ಟಿಂಗ್ ಮುಟ್ಟುವ ಮೊದಲು ಪರೀಕ್ಷೆ ಹೇಗೆ ಮಾಡುತ್ತೀರಿ ಎಂದು ನಿಶ್ಚಯ ಮಾಡಿಕೊಳ್ಳಿ. ಅರ್ಧಕ್ಕಿಂತ ಜಾಸ್ತಿ ಕೆಲಸ ಅಲ್ಲೇ ಇದೆ.

ಮೊದಲು ಪರೀಕ್ಷೆ, ಆಮೇಲೆ ಸೆಟ್ಟಿಂಗ್

ಅಂದಾಜು ನಿಮಗೆ ಯಾವಾಗ ಬೇಕು? ಸೆಪ್ಟೆಂಬರ್ ಕೊನೆಗೆ ಎಂದಿಟ್ಟುಕೊಳ್ಳೋಣ. ಹಾಗಾದರೆ ಅಷ್ಟರೊಳಗೆ ಕೈಗೆ ಬರುವ ಮಾಹಿತಿ ಮಾತ್ರ ಟೇಬಲ್‌ನಲ್ಲಿ ಇರಬೇಕು. ಹೂಮಳೆ, ಬ್ಯಾಕಿಂಗ್, ಮುಂಗಾರಿನ ಮಳೆ, ಗಿಡದ ವಯಸ್ಸು, ಸ್ಪ್ರಿಂಕ್ಲರ್ ಇದೆಯೋ ಇಲ್ಲವೋ, ಹೋದ ವರ್ಷದ ಫಸಲು. ಹೋದ ವರ್ಷದ್ದನ್ನು ಮರೆಯಬೇಡಿ. ಅರೇಬಿಕಾ ಒಂದು ವರ್ಷ ಜಾಸ್ತಿ ಬಿಟ್ಟರೆ ಮರುವರ್ಷ ಕಡಿಮೆ ಬಿಡುವುದು ಎಲ್ಲರೂ ಕಂಡದ್ದೇ ಅಲ್ವಾ?

ಈಗ ಯಾರೋ ತೋಟದ ಲೆಕ್ಕದಿಂದ ‘ಕುಯ್ಲಿನ ಕೂಲಿ’ ಎನ್ನುವ ಕಾಲಂ ಕೂಡ ಸೇರಿಸಿದರು ಎನ್ನಿ. ಮಾಡೆಲ್ ತಕ್ಷಣ ಚೆನ್ನಾಗಿ ಹೇಳತೊಡಗುತ್ತದೆ. ಹೇಳದೆ ಏನು, ಕುಯ್ದ ಕಿಲೋ ಲೆಕ್ಕದಲ್ಲೇ ಕೂಲಿ ಕೊಡುವುದು! ಆದರೆ ಸೆಪ್ಟೆಂಬರ್‌ನಲ್ಲಿ ಆ ಅಂಕಿ ಯಾರ ಹತ್ತಿರವೂ ಇರುವುದಿಲ್ಲ. ಸ್ಕೋರು ಇದ್ದಕ್ಕಿದ್ದಂತೆ ಏರಿದರೆ ಮೊದಲು ಇಂಥ ಕಾಲಂ ಹುಡುಕಿ.

ಎರಡನೆಯದು, ಸಾಲುಗಳನ್ನು ಸುಮ್ನೆ ಕಲೆಸಿ ಭಾಗ ಮಾಡಬೇಡಿ. ಪೊನ್ನಂಪೇಟೆಯ ಒಂದು ತೋಟದ 2016ರ ಸಾಲು ಕಲಿಕೆಗೆ, ಪಕ್ಕದ ತೋಟದ 2016ರ ಸಾಲು ಪರೀಕ್ಷೆಗೆ ಹೋದರೆ ಆ ವರ್ಷ ಹೇಗಿತ್ತು ಎಂದು ಮಾಡೆಲ್‌ಗೆ ಮೊದಲೇ ಗೊತ್ತಾಗಿಬಿಡುತ್ತದೆ. ವರ್ಷದ ಪ್ರಕಾರ ಭಾಗ ಮಾಡಿ: 2015ರವರೆಗೆ ಕಲಿಸಿ 2016 ಕೇಳಿ, 2016ರವರೆಗೆ ಕಲಿಸಿ 2017 ಕೇಳಿ, ಹೀಗೆ ಮುಂದಕ್ಕೆ ಸಾಗಿ. ಕೊನೆಯ ಎರಡು ವರ್ಷಗಳನ್ನು ಬೇರೆಯೇ ಎತ್ತಿಡಿ. ಹೊಸ ತೋಟಕ್ಕೂ ಅಂದಾಜು ಹೇಳಬೇಕಿದ್ದರೆ ತೋಟದ ಪ್ರಕಾರವೂ ಭಾಗ ಮಾಡಿ ನೋಡಬೇಕು.

ಜೊತೆಗೆ ಒಂದು ಸರಳ ಲೆಕ್ಕ ಇಟ್ಟುಕೊಳ್ಳಿ: ಅದೇ ತೋಟದ ಹಿಂದಿನ ಎರಡು ವರ್ಷದ ಸರಾಸರಿ. ಮಾಡೆಲ್ ಇದಕ್ಕಿಂತ ಚೆನ್ನಾಗಿ ಹೇಳದಿದ್ದರೆ ತೊಂದರೆ ಸಾಮಾನ್ಯವಾಗಿ ಮಾಹಿತಿಯಲ್ಲೇ ಇರುತ್ತದೆ, ಸೆಟ್ಟಿಂಗ್‌ನಲ್ಲಲ್ಲ.

ಲರ್ನಿಂಗ್ ರೇಟ್ ಮತ್ತು ಟ್ರೀಗಳ ಸಂಖ್ಯೆ

ಪ್ರತಿ ಟ್ರೀ ಹೇಳುವ ತಿದ್ದುಪಡಿಯಲ್ಲಿ ಎಷ್ಟು ಪಾಲನ್ನು ಸೇರಿಸಬೇಕು ಎನ್ನುವುದೇ ಲರ್ನಿಂಗ್ ರೇಟ್. ಅದೂ ಟ್ರೀಗಳ ಸಂಖ್ಯೆಯೂ ಜೋಡಿ. ಒಂದನ್ನು ಬಿಟ್ಟು ಇನ್ನೊಂದನ್ನು ಟ್ಯೂನ್ ಮಾಡಲು ಹೋದರೆ ಪ್ರಯೋಜನವಿಲ್ಲ.

ಬೂಸ್ಟಿಂಗ್ ಶುರುವಾಗುವುದು ಸರಾಸರಿಯಿಂದ. ಎಲ್ಲ ತೋಟಗಳ ಸರಾಸರಿ ಎಕರೆಗೆ 20 ಚೀಲ, ಒಂದು ತೋಟದಲ್ಲಿ ನಿಜವಾಗಿ ಆದದ್ದು 26 ಎನ್ನಿ. ತಪ್ಪು 6 ಚೀಲ. ಮೊದಲ ಟ್ರೀ ಆ 6ನ್ನು ಸರಿಯಾಗಿ ಹಿಡಿದರೂ, ಲರ್ನಿಂಗ್ ರೇಟ್ 0.1 ಇದ್ದರೆ 0.6 ಮಾತ್ರ ಸೇರುತ್ತದೆ. ಅಂದಾಜು 20.6 ಆಯಿತು. ಉಳಿದ 5.4ರ ಮೇಲೆ ಎರಡನೇ ಟ್ರೀ ಕೆಲಸ ಮಾಡುತ್ತದೆ. ಹೀಗೆ 10 ಟ್ರೀ ಆದ ಮೇಲೂ ಸುಮಾರು 2 ಚೀಲದ ತಪ್ಪು ಉಳಿದಿರುತ್ತದೆ. ರೇಟ್ 0.3 ಇದ್ದರೆ ಅದೇ 10 ಟ್ರೀಗೆ ತಪ್ಪು 0.2 ಚೀಲಕ್ಕಿಂತ ಕೆಳಗೆ ಬರುತ್ತದೆ. ಇದು ಬೇಗ ಆಗುತ್ತಲ್ಲ, ಒಳ್ಳೆಯದೇ ಎನಿಸಬಹುದು. ಆದರೆ ಆ 6 ಚೀಲದಲ್ಲಿ ಎಷ್ಟು ಮಳೆಯಿಂದ ಬಂದದ್ದು, ಎಷ್ಟು ಬರೆಯುವಾಗ ತಪ್ಪಿದ್ದು ಎಂದು ಮಾಡೆಲ್‌ಗೆ ಗೊತ್ತಿಲ್ಲ. ಅವಸರ ಮಾಡಿದರೆ ಎರಡನ್ನೂ ಬಾಯಿಪಾಠ ಮಾಡಿಬಿಡುತ್ತದೆ. ಈ ವಿಧಾನವನ್ನು 2001ರ ಲೇಖನದಲ್ಲಿ ವಿವರಿಸಿದ ಜೆರೋಮ್ ಫ್ರೀಡ್‌ಮನ್ ಕೂಡ ಸಣ್ಣ ರೇಟ್ ಇಟ್ಟು ಟ್ರೀ ಹೆಚ್ಚಿಸುವುದೇ ಒಳ್ಳೆಯದೆಂದು ತೋರಿಸಿದ್ದಾರೆ.

ಬೂಸ್ಟಿಂಗ್‌ಗೆ ಬಳಸುವ ಪೈಥಾನ್ ಲೈಬ್ರರಿ ಎಕ್ಸ್‌ಜಿಬೂಸ್ಟ್‌ನಲ್ಲಿ ನೀವು ಏನೂ ಹೇಳದಿದ್ದರೆ ರೇಟ್ 0.3 ಇರುತ್ತದೆ. ಅದನ್ನು 0.05ಕ್ಕೆ ಇಳಿಸಿ. ಟ್ರೀಗಳ ಮಿತಿ 3000 ಕೊಡಿ, ಅರ್ಲಿ ಸ್ಟಾಪಿಂಗ್ 100 ಇಡಿ. ಪರೀಕ್ಷೆಯ ವರ್ಷದಲ್ಲಿ ಸತತ 100 ಟ್ರೀವರೆಗೆ ತಪ್ಪು ಕಡಿಮೆಯಾಗದಿದ್ದರೆ ಅದೇ ನಿಲ್ಲುತ್ತದೆ. ಟ್ರೀ ಎಷ್ಟು ಬೇಕೆಂದು ನೀವು ಊಹಿಸುವ ಅಗತ್ಯವೇ ಬರುವುದಿಲ್ಲ.

ಟ್ರೀಯ ಆಳ

ಒಂದು ಟ್ರೀಯಲ್ಲಿ ಒಂದರ ಕೆಳಗೊಂದು ಎಷ್ಟು ಪ್ರಶ್ನೆ ಇರಬಹುದು ಎನ್ನುವುದೇ ಆಳ. ನಿಮ್ಮ ಹತ್ತಿರ 15 ತೋಟದ 12 ವರ್ಷದ ಲೆಕ್ಕ ಇದೆ ಎನ್ನಿ, ಅಂದರೆ 180 ಸಾಲು. ಇಷ್ಟು ಕಡಿಮೆ ಮಾಹಿತಿಗೆ ಎಕ್ಸ್‌ಜಿಬೂಸ್ಟ್‌ನ ತಾನಾಗಿಯೇ ಇರುವ 6ರ ಆಳ ಜಾಸ್ತಿಯಾಯಿತು. 2, 3, 4 ಇಷ್ಟನ್ನೇ ನೋಡಿ. ಆಳ 2 ಇದ್ದರೂ ‘ಹೂಮಳೆ ಬಂತು, ಆದರೆ ಬ್ಯಾಕಿಂಗ್ ಕೈಕೊಟ್ಟಿತು’ ಎನ್ನುವಂಥ ಎರಡು ವಿಷಯದ ಸಂಬಂಧ ಅದಕ್ಕೆ ಸಿಗುತ್ತದೆ.

ಇಂಥದ್ದೇ ಇನ್ನೊಂದು ಲೈಬ್ರರಿ ಲೈಟ್‌ಜಿಬಿಎಂ ಬಳಸುವವರಿಗೆ ಇದಕ್ಕೆ ಉಲ್ಟಾ ತೊಂದರೆ. ಅದರಲ್ಲಿ ಪ್ರತಿ ಎಲೆಯಲ್ಲೂ (ಟ್ರೀಯ ಕವಲು ಮುಗಿಯುವ ತುದಿ) ಕನಿಷ್ಠ 20 ಸಾಲು ಇರಬೇಕೆಂಬ ನಿಯಮ ಮೊದಲೇ ಇದೆ. 180 ಸಾಲಿಗೆ 9 ಎಲೆಗಿಂತ ಜಾಸ್ತಿ ಆಗುವುದೇ ಇಲ್ಲ. ಅಂದಾಜುಗಳೆಲ್ಲ ಸರಾಸರಿಯ ಸುತ್ತಲೇ ಸುತ್ತುತ್ತಿದ್ದರೆ ಈ 20ನ್ನು 5ಕ್ಕೋ 8ಕ್ಕೋ ಇಳಿಸಿ ನೋಡಿ.

ಉಳಿದವು ಬೇಗ ಮುಗಿಯುತ್ತವೆ. ಪ್ರತಿ ಟ್ರೀಗೂ 70ರಿಂದ 80 ಶೇಕಡ ಸಾಲು, ಅಷ್ಟೇ ಶೇಕಡ ಕಾಲಂ ಕೊಡಿ. ಟ್ರೀಗಳು ತೀರಾ ದೊಡ್ಡ ತಿದ್ದುಪಡಿ ಮಾಡದಂತೆ ಹಿಡಿದಿಡುವ ಲ್ಯಾಂಬ್ಡಾವನ್ನು 1, 5, 10 ಇಟ್ಟು ನೋಡಿದರೆ ಸಾಕು. ಎಲ್ಲ ಜೋಡಣೆಯನ್ನೂ ಒಂದೊಂದಾಗಿ ಓಡಿಸುವ ಬದಲು ರ್‍ಯಾಂಡಮ್ ಸರ್ಚ್ (ಕೆಲವು ಜೋಡಣೆಗಳನ್ನು ಮಾತ್ರ ಚೀಟಿ ಎತ್ತಿದಂತೆ ಆರಿಸಿ ನೋಡುವುದು) ಅಥವಾ ಒಳ್ಳೆಯ ಜೋಡಣೆಯನ್ನು ತಾನೇ ಹುಡುಕುವ ಆಪ್ಟ್ಯೂನಾ ಲೈಬ್ರರಿ ಬಳಸಿ, ಸಮಯ ಉಳಿಯುತ್ತದೆ. ಆದರೆ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ತಪ್ಪು 2 ಚೀಲದಷ್ಟು ಏರುಪೇರಾಗುತ್ತಿರುವಾಗ 0.1 ಚೀಲದ ಸುಧಾರಣೆಯನ್ನು ಗೆಲುವು ಎಂದುಕೊಳ್ಳಬಾರದು. ಹತ್ತಿರ ಹತ್ತಿರ ಇದ್ದರೆ ಆಳ ಕಡಿಮೆ ಇರುವ ಮಾಡೆಲನ್ನೇ ಇಟ್ಟುಕೊಳ್ಳಿ.

ಟ್ಯೂನಿಂಗ್‌ಗೆ ಬಗ್ಗದ್ದು

2018ರ ಆಗಸ್ಟ್ ಮಳೆ ಕೊಡಗಿನವರು ಮರೆಯುವಂಥದ್ದಲ್ಲ. 100 ಇಂಚಿನವರೆಗೆ ಮಾತ್ರ ಮಳೆ ಕಂಡ ಮಾಡೆಲ್‌ಗೆ 150 ಇಂಚು ಕೊಟ್ಟರೆ, ಬೇರೆಲ್ಲ ಹಾಗೇ ಇದ್ದಲ್ಲಿ, 100 ಇಂಚಿಗೆ ಹೇಳಿದ ಉತ್ತರವನ್ನೇ ಹೇಳುತ್ತದೆ. ಟ್ರೀಗಳು ಕಂಡದ್ದರ ಆಚೆಗೆ ಗೆರೆ ಎಳೆಯಲಾರವು. ಯಾವ ಸೆಟ್ಟಿಂಗ್ ಬದಲಿಸಿದರೂ ಇದು ಸರಿಹೋಗುವುದಿಲ್ಲ. ಆ ವರ್ಷದ ಮಳೆ ಹಿಂದಿನ ಎಲ್ಲ ವರ್ಷಗಳ ಮಿತಿ ದಾಟಿದೆಯೇ ಎಂದು ನೋಡಿ, ದಾಟಿದ್ದರೆ ಅಂದಾಜಿನ ಪಕ್ಕದಲ್ಲೇ ಹಾಗೆಂದು ಬರೆಯಿರಿ.

ಎಲ್ಲ ನಿರ್ಧಾರ ಆದ ಮೇಲೆ, ಎತ್ತಿಟ್ಟ ಎರಡು ವರ್ಷಗಳನ್ನು ಒಂದೇ ಸಲ ತೆರೆಯಿರಿ. ಬಂದ ತಪ್ಪನ್ನು ಎಕರೆಗೆ ಇಷ್ಟು ಚೀಲ ಎಂದೇ ಹೇಳಿ. ಒಂದೇ ಅಂಕಿಯ ಬದಲು ಕ್ವಾಂಟೈಲ್ ಲಾಸ್ ಬಳಸಿ 0.1ಕ್ಕೊಂದು, 0.9ಕ್ಕೊಂದು ಮಾಡೆಲ್ ಕಟ್ಟಿದರೆ ಇನ್ನೂ ಒಳ್ಳೆಯದು. ಮೊದಲನೆಯದು ಕೊಡುವ ಕೆಳಗಿನ ಅಂಕಿಗಿಂತ ಫಸಲು ಕಡಿಮೆಯಾಗುವುದು ಸುಮಾರು ಹತ್ತರಲ್ಲಿ ಒಂದು ಸಲ, ಎರಡನೆಯದು ಕೊಡುವ ಮೇಲಿನ ಅಂಕಿಯನ್ನು ದಾಟುವುದೂ ಅಷ್ಟೇ. ಕುಯ್ಲಿಗೆ ಎಷ್ಟು ಜನ ಬೇಕು, ಕಣದಲ್ಲಿ ಎಷ್ಟು ಜಾಗ ಬೇಕು ಎಂದು ಲೆಕ್ಕ ಹಾಕುವವರಿಗೆ ಮೇಲಿನ ಅಂಕಿ ಬೇಕು. ಫಸಲು ನಂಬಿ ಸಾಲ ತೆಗೆಯುವವರು ಕೆಳಗಿನ ಅಂಕಿ ನೋಡಬೇಕು.