ತಾರಸಿ ಸೋರುವುದು ಅಂಚಿನಲ್ಲಿ, ಬಳಿಯುವುದು ನಡುವಿನಲ್ಲಿ

ಚಿಕ್ಕಮಗಳೂರಿನ ಫ್ಲ್ಯಾಟುಗಳಲ್ಲಿ ಮೇ ತಿಂಗಳು ಬಂತೆಂದರೆ ಒಂದೇ ಗಡಿಬಿಡಿ. ಸಂಘದವರು ವಾಟರ್‌ಪ್ರೂಫ್ ಡಬ್ಬಗಳನ್ನು ತರಿಸುತ್ತಾರೆ, ಪೇಂಟರು ಎರಡು ದಿನದಲ್ಲಿ ತಾರಸಿಯನ್ನೆಲ್ಲ ಬೆಳ್ಳಗೆ ಮಾಡಿ ಹೋಗುತ್ತಾರೆ. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಮೇಲಿನ ಮಹಡಿಯ ಮನೆಯಲ್ಲಿ ಮತ್ತೆ ಬಕೆಟ್ಟು. ನೀರು ಬಹುಪಾಲು ಇಳಿಯುವುದು ಮೂರು ಕಡೆ: ಪ್ಯಾರಾಪೆಟ್ ಗೋಡೆಯ ಬುಡ, ಮಳೆನೀರಿನ ಪೈಪಿನ ಬಾಯಿ, ಸೋಲಾರ್ ಸ್ಟ್ಯಾಂಡಿಗೆಂದು ಕೊರೆದ ತೂತು. ಡಬ್ಬದ ಮುಚ್ಚಳ ತೆಗೆಯುವ ಮೊದಲು ಈ ಮೂರೂ ಮುಗಿದಿರಬೇಕು.

‘ಸೋರುವುದು ಅವರ ಮನೆ, ಖರ್ಚೂ ಅವರದ್ದೇ’ ಎನ್ನುವ ಕೆಳಮಹಡಿಯವರು ಎಲ್ಲ ಕಡೆ ಇರುತ್ತಾರೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ನೋಂದಾಯಿಸಿದ ಕಟ್ಟಡವಾದರೆ, ನೋಂದಣಿಯ ಘೋಷಣಾ ಪತ್ರದಲ್ಲಿ (ಡೀಡ್ ಆಫ್ ಡಿಕ್ಲರೇಶನ್) ಬೇರೆ ಬರೆದಿಲ್ಲದಿದ್ದಾಗ ಚಾವಣಿ ಎಲ್ಲರದ್ದು. ಖರ್ಚು ಅವಿಭಜಿತ ಪಾಲಿನ ಪ್ರಕಾರ, ಅಂದರೆ ಎಲ್ಲರಿಗೂ ಸೇರಿದ ಭಾಗಗಳಲ್ಲಿ ಆಯಾ ಫ್ಲ್ಯಾಟಿಗಿರುವ ಪಾಲಿನಂತೆ. ಈ ಮಾತನ್ನು ಜನವರಿಯ ಸಭೆಯಲ್ಲೇ ಮುಗಿಸಿ.

ಮೊದಲು ಪರೀಕ್ಷೆ

ಕೆಲಸ ಫೆಬ್ರವರಿ ಕೊನೆಗೆ ಶುರುವಾಗಬೇಕು. ತಾರಸಿಯಲ್ಲಿ ಕಾಫಿ, ಮೆಣಸು ಒಣಹಾಕಿದವರು ಎತ್ತಿಕೊಳ್ಳಲಿ. ಏಪ್ರಿಲಿನ ಮಧ್ಯಾಹ್ನಗಳನ್ನು ನಂಬುವಂತಿಲ್ಲ. ತೋಟದವರು ಕಾಯುವ ಹೂಮಳೆ ಹಸಿ ಗಾರೆಯನ್ನು ತೊಳೆದುಕೊಂಡು ಹೋಗುತ್ತದೆ.

ಬಿರು ಬೇಸಿಗೆಯಲ್ಲೂ ಸೀಲಿಂಗ್ ಒದ್ದೆಯಿದ್ದರೆ ಅದು ಮಳೆನೀರಲ್ಲ, ಟ್ಯಾಂಕಿನ ಪೈಪು. ಪ್ಲಂಬರನ್ನು ಕರೆಸಿ, ತಾರಸಿಯನ್ನು ಮುಟ್ಟಬೇಡಿ. ಪೈಪು ಸರಿಯಿದ್ದರೆ ನೀರಿನ ಬಾಯಿಗಳನ್ನು ಮರಳು ಚೀಲದಿಂದ ಮುಚ್ಚಿ, ಒಂದು ಅಂಗುಲ ನೀರು ನಿಲ್ಲಿಸಿ. ನೂರು ಚದರ ಮೀಟರಿಗೆ ಸುಮಾರು 2,500 ಲೀಟರ್ ಬೇಕು; ದೊಡ್ಡ ತಾರಸಿಯಾದರೆ ಮರಳು ಚೀಲದ ಒಡ್ಡು ಹಾಕಿ ಭಾಗ ಭಾಗವಾಗಿ ನೋಡಿ. 48 ಗಂಟೆ ಬಿಟ್ಟು, ಕೆಳಗಿನ ಮನೆಯ ಸೀಲಿಂಗಿನಲ್ಲಿ ಎಲ್ಲಿ ಒದ್ದೆಯಾಯಿತೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ. ನೀರನ್ನು ಹೊರಗೆ ಹರಿಯಬಿಟ್ಟು ಒಂದು ಗಂಟೆಯಾದ ಮೇಲೂ ತಾರಸಿಯಲ್ಲಿ ನಿಂತಿರುವ ಗುಂಡಿಗಳ ಸುತ್ತ ಸೀಮೆಸುಣ್ಣ ಎಳೆಯಿರಿ. ಡಬ್ಬದಲ್ಲಿ ಬರುವ ಅಕ್ರಿಲಿಕ್ ಬಣ್ಣ ನಿಂತ ನೀರಿನಲ್ಲಿ ಮೆತ್ತಗಾಗಿ ಏಳುತ್ತದೆ, ಆದ್ದರಿಂದ ಈ ಗುಂಡಿಗಳನ್ನು ಗಾರೆಯಿಂದ ತುಂಬಿಸಲೇಬೇಕು.

ಪಾಚಿ

10 ಲೀಟರ್ ನೀರಿಗೆ ಕಾಲು ಕಿಲೋ ಬ್ಲೀಚಿಂಗ್ ಪುಡಿ ಕಲಸಿ ಸುರಿದು, ಅರ್ಧ ಗಂಟೆ ಬಿಟ್ಟು, ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಕೈಗೆ ಗ್ಲೌಸ್ ಇರಲಿ. ಮಳೆಕೊಯ್ಲಿನ ತೊಟ್ಟಿಗೆ ಹೋಗುವ ಪೈಪನ್ನು ಮೊದಲೇ ಬೇರೆಡೆಗೆ ತಿರುಗಿಸಿ. ಇದಕ್ಕೆ ಆಸಿಡ್ ಬೆರೆಸುವವರಿದ್ದಾರೆ. ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬರೀ ಆಸಿಡ್ ಕೂಡ ಬೇಡ, ಅದು ಸಿಮೆಂಟನ್ನೇ ತಿನ್ನುತ್ತದೆ.

ಅಂಚು: ಎಲ್ಲರೂ ಕೆಡಿಸುವ ಜಾಗ

ಗೋಡೆಯೂ ತಾರಸಿಯೂ ಸೇರುವ ಕಡೆ ಉದ್ದಕ್ಕೂ ಒಂದು ಬಿರುಕು ಇರುತ್ತದೆ. ಬಿಸಿಲಿಗೆ ಸ್ಲ್ಯಾಬ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಬಿರುಕು ದಿನವೂ ಅಲುಗುತ್ತಿರುತ್ತದೆ. ಇದಕ್ಕೆ ವೈಟ್ ಸಿಮೆಂಟ್ ಮೆತ್ತುವುದು ದುಡ್ಡು ದಂಡ. ಗಟ್ಟಿಯಾದ ಸಿಮೆಂಟು ಅಲುಗಲಾರದು, ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ.

ಗ್ರೈಂಡರಿನಲ್ಲಿ ಬಿರುಕನ್ನು 10 ಮಿ.ಮೀ. ಅಗಲ, ಅಷ್ಟೇ ಆಳಕ್ಕೆ ಬಿಡಿಸಿ. ದೂಳನ್ನು ಬ್ರಷ್ಷಿನಿಂದ ತೆಗೆದು, ಬ್ಲೋವರಿನಿಂದ ಊದಿಸಿ; ದೂಳಿದ್ದರೆ ಏನೂ ಹಿಡಿಯದು. ಒಣಗಿದ ಮೇಲೆ ಪಾಲಿಯುರಿಥೇನ್ ಸೀಲಂಟ್ (ರಬ್ಬರಿನಂತೆ ಹಿಗ್ಗಿ ಕುಗ್ಗುವ ಅಂಟು) ತುಂಬಿ, ಹಸಿಯಿರುವಾಗಲೇ ಮೇಲೆ ಒಣ ಮರಳು ಉದುರಿಸಿ, ಮುಂದಿನ ಗಾರೆಗೆ ಹಿಡಿತ ಸಿಗುತ್ತದೆ. ದಿನಕ್ಕೆ ಎರಡು ಮೂರು ಮಿಲಿಮೀಟರಿನಷ್ಟೇ ಇದು ಗಟ್ಟಿಯಾಗುವುದು, ಹಾಗಾಗಿ ನಾಲ್ಕು ದಿನ ಬಿಡಿ. ಅಗ್ಗವೆಂದು ಕಿಟಕಿಗೆ ಹಾಕುವ ಸಿಲಿಕೋನ್ ತಂದರೆ ಅದರ ಮೇಲೆ ಬಣ್ಣವೂ ನಿಲ್ಲದು, ಗಾರೆಯೂ ನಿಲ್ಲದು.

ಆಮೇಲೆ ಮೂಲೆಯನ್ನು ಗುಂಡಗೆ ತಿರುಗಿಸಬೇಕು. ಮೂಲೆ ಚೂಪಾಗಿದ್ದರೆ ಬಣ್ಣದ ಪದರ ಮೊದಲು ಹರಿಯುವುದು ಅಲ್ಲೇ. 5 ಕಿಲೋ ಸಿಮೆಂಟು, 15 ಕಿಲೋ ಜರಡಿ ಹಿಡಿದ ಮರಳು, ಒಂದು ಕಿಲೋ ಎಸ್‌ಬಿಆರ್ ಲೇಟೆಕ್ಸ್ (ಗಾರೆಗೆ ಹಿಡಿತ ಕೊಡುವ, ಹಾಲಿನಂಥ ರಬ್ಬರ್ ದ್ರವ). ನೀರು, ಮುಷ್ಟಿಯಲ್ಲಿ ಉಂಡೆ ಕಟ್ಟುವಷ್ಟೇ. ಮೊದಲು ಲೇಟೆಕ್ಸು, ಸಿಮೆಂಟಿನ ತೆಳು ರಾಡಿ ಬಳಿದು, ಅದು ಹಸಿಯಿರುವಾಗಲೇ ಗಾರೆ ಕೂರಿಸಿ. ಮೇಸ್ತ್ರಿ ಉದ್ದಕ್ಕೂ ರಾಡಿ ಬಳಿದಿಟ್ಟು ಕಾಫಿಗೆ ಹೋದರೆ ಅಷ್ಟೂ ವ್ಯರ್ಥ: ಒಣಗಿದ ರಾಡಿ ಗಾರೆಯನ್ನು ಹಿಡಿಯುವ ಬದಲು ಬಿಡಿಸುತ್ತದೆ. ಒಂದು ಸಲಕ್ಕೆ ಮೂರು ನಾಲ್ಕು ಅಡಿ ಸಾಕು. ಗುಂಡು ಎರಡು ಅಂಗುಲದಷ್ಟಿರಲಿ. ಎರಡು ದಿನ ಒದ್ದೆ ಗೋಣಿಚೀಲ ಹೊದಿಸಿ, ಮೇಲೆ ಒಂದು ವಾರ ಒಣಗಲು ಬಿಡಿ. ಗುಂಡಿಗಳಿಗೂ ಇದೇ ಗಾರೆ.

ಪೈಪಿನ ಬಾಯಿಯಲ್ಲಿ ತೊಂದರೆ ಬೇರೆ. ಪಿವಿಸಿಗೆ ಸಿಮೆಂಟು ಅಂಟುವುದಿಲ್ಲ. ಸುತ್ತಲಿನ ಹಳೆ ಗಾರೆ ಒಡೆದು, ಪೈಪನ್ನು ಉಪ್ಪುಕಾಗದದಲ್ಲಿ ತರಕಲು ಮಾಡಿ, ಕುಗ್ಗದ ಗ್ರೌಟ್ (ಸಂದಿ ತುಂಬುವ ಸಿಮೆಂಟ್ ಮಿಶ್ರಣ) ತುಂಬಿಸಿ, ಮೇಲಿನ ಸಂದಿಗೆ ಅದೇ ಸೀಲಂಟ್. ಬಾಯಿಯ ಸುತ್ತ ಒಂದೂವರೆ ಅಡಿ ಚೌಕ ಉಳಿದ ತಾರಸಿಗಿಂತ ಅರ್ಧ ಅಂಗುಲ ತಗ್ಗಿರಬೇಕು. ಚಪ್ಪಟೆ ಜಾಲರಿ ಬೇಡ, ನಾಲ್ಕು ಸಿಲ್ವರ್ ಓಕ್ ಎಲೆ ಸಾಕು ಅದನ್ನು ಮುಚ್ಚಲು. ಗುಮ್ಮಟದ ಜಾಲರಿ ಹಾಕಿ.

ಸೋಲಾರ್, ಡಿಶ್ ಸ್ಟ್ಯಾಂಡುಗಳ ಬೋಲ್ಟು ಕಿತ್ತು, ತೂತು ಮುಚ್ಚಿ, ಸ್ಟ್ಯಾಂಡನ್ನು ಭಾರದ ಕಾಂಕ್ರೀಟ್ ದಿಮ್ಮಿಗೆ ಬಿಗಿಯಿರಿ. ಇನ್ನು ಮುಂದೆ ಯಾರೂ ಸ್ಲ್ಯಾಬಿಗೆ ಡ್ರಿಲ್ ಹಚ್ಚಬಾರದೆಂದು ಸಂಘ ನಿರ್ಣಯ ಬರೆಯಲಿ. ಮೇಲೆ ಶೀಟ್ ಹೊದಿಸಿಬಿಡೋಣ ಎನ್ನುವವರಿಗೂ ಇದೇ ಮಾತು. ಅದರ ಕಂಬಗಳ ಬುಡದಲ್ಲೇ ಮುಂದಿನ ಸೋರಿಕೆ.

ಬಳಿಯುವುದು

ತಾರಸಿಯ ತೇವ ಆರಿದೆಯೇ ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ತಾರಸಿಗೆ ಅಂಟಿಸಿ. ಮರುದಿನ ಅಡಿಯಲ್ಲಿ ಹನಿ ಕಂಡರೆ ಇನ್ನೂ ಕಾಯಿರಿ.

ಮೊದಲ ಕೈ ಡಬ್ಬದಲ್ಲಿ ಹೇಳಿದಷ್ಟು ನೀರು ಬೆರೆಸಿ ತೆಳುವಾಗಿ, ಮೇಲಿನ ಎರಡು ಕೈ ಒಂದಕ್ಕೊಂದು ಅಡ್ಡಡ್ಡ. ಮೂಲೆ ಮತ್ತು ಪೈಪಿನ ಸುತ್ತ ಫೈಬರ್ ಮೆಶ್ ಬಟ್ಟೆಯನ್ನು ಹಸಿ ಬಣ್ಣದಲ್ಲೇ ಒತ್ತಿ. ಗೋಡೆಯ ಮೇಲೂ ಒಂದಡಿ ಏರಿಸಿ. ಬೆಳಿಗ್ಗೆ ಏಳರಿಂದ ಹತ್ತರೊಳಗೆ ಮಾತ್ರ ಬಳಿಯಿರಿ, ಕಾದ ನೆಲದಲ್ಲಿ ಗುಳ್ಳೆ ಏಳುತ್ತದೆ. ಗುತ್ತಿಗೆಯವರು ಉಳಿಸುವುದು ನೀರು ಹೆಚ್ಚಿಗೆ ಬೆರೆಸಿ. ಡಬ್ಬದ ಮೇಲಿನ ಲೆಕ್ಕದಿಂದ ಎಷ್ಟು ಲೀಟರ್ ಬೇಕೆಂದು ಮೊದಲೇ ಬರೆದಿಟ್ಟು, ಖಾಲಿ ಡಬ್ಬಗಳನ್ನು ಎಣಿಸಿಯೇ ಹಣ ಕೊಡಿ.

ಮುಂದಿನ ಸುಗ್ಗಿಗೆ ಕಾಫಿ ಹರಡುವವರು ದಪ್ಪ ಟಾರ್ಪಾಲ್ ಹಾಸಲಿ, ಕಬ್ಬಿಣದ ಗೋರುಮಣೆ ಬೇಡ. ಮಳೆಗಾಲದಲ್ಲಿ ವಾಚ್‌ಮನ್ ವಾರಕ್ಕೊಮ್ಮೆ ಜಾಲರಿ ತೆಗೆದು ಎಲೆ ಬಾಚಲಿ. ಅಷ್ಟಾಗಿಯೂ ಜುಲೈನಲ್ಲಿ ಸೋರಿದರೆ ಒದ್ದೆ ತಾರಸಿಗೆ ಏನನ್ನೂ ಮೆತ್ತಲು ಹೋಗಬೇಡಿ. ಒದ್ದೆಯಾದ ಕಡೆ ಸೀಲಿಂಗಿನಲ್ಲಿ ಗೆರೆ ಎಳೆದು ತಾರೀಖು ಬರೆದಿಡಿ, ಮಳೆ ಬಿಟ್ಟ ಮೇಲೆ ಅಷ್ಟು ಜಾಗವನ್ನು ಮಾತ್ರ ಬಿಡಿಸಿದರೆ ಸಾಕು.